ಹೊರಬಾಗಿಲಿನ ದೀಪ

ನಮ್ಮ ಊರಿನಲ್ಲಿ ಬೆಂಚಿನ ಮೇಲೆ ಕೂರುವ ಮೊದಲು ಎರಡು ಸಲ ಚಪ್ಪಾಳೆ ತಟ್ಟುತ್ತಾರೆ. ನೀಲಿ ಊರಿನವರು ಯಾರಾದರೂ ಅಲ್ಲಿ ಕೂತಿದ್ದರೆ ಎದ್ದುಕೊಳ್ಳಲಿ ಎಂದು. ನಮ್ಮ ಚಪ್ಪಾಳೆ ಅವರಿಗೆ ಕೇಳಿಸುವುದಿಲ್ಲ ಎನ್ನುವುದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ತಟ್ಟುತ್ತೇವೆ. ಕೂತ ಮೇಲೆ ಬೆಂಚು ಬೆಚ್ಚಗಿದ್ದರೆ "ತಪ್ಪಾಯ್ತು" ಎಂದು ಸ್ವಲ್ಪ ಸರಿದುಕೊಳ್ಳುತ್ತೇವೆ.

ಇಲ್ಲಿ ಪ್ರತಿ ಮನೆಗೂ ಎರಡು ಬಾಗಿಲು. ನಾವು ಹಳದಿ ಬಾಗಿಲಿನಲ್ಲಿ ಓಡಾಡುವವರು. ನೀಲಿ ಬಾಗಿಲಿನವರು ಅದೇ ಮನೆಯಲ್ಲಿ, ಅದೇ ಬೀದಿಯಲ್ಲಿ, ಅದೇ ನಲ್ಲಿಯ ನೀರು ಕುಡಿದುಕೊಂಡು ಇದ್ದಾರೆ. ನಮಗೆ ಅವರು ಕಾಣಿಸುವುದಿಲ್ಲ, ಅವರಿಗೆ ನಾವು ಕಾಣಿಸುವುದಿಲ್ಲ. ಕಾಗದ ಬರೆದಿಟ್ಟು ನೋಡಿದವರಿದ್ದಾರೆ, ಅಕ್ಷರ ದಾಟುವುದಿಲ್ಲ. ಮನುಷ್ಯರು ಮಾತ್ರ ಜೀವಮಾನದಲ್ಲಿ ಒಂದು ಸಲ ಬಾಗಿಲು ಬದಲಿಸಬಹುದು. ಹಾಗೆ ಹೋದವರು ಮತ್ತೆ ಬರುವಂತಿಲ್ಲ. ಯಾರದೋ ಅತ್ತೆ, ಯಾರದೋ ಅಣ್ಣ, ಹೀಗೆ ಪ್ರತಿ ಮನೆಯಿಂದಲೂ ಒಬ್ಬರಾದರೂ ಹೋಗಿದ್ದಾರೆ.

ಎರಡೂ ಊರಿನವರು ಸೇರಿ ನೋಡಿಕೊಳ್ಳುವ ಸಾಮಾನು ಒಂದೇ, ನಾನು ಕೆಲಸ ಮಾಡುವ ಕಚೇರಿಯ ಪೆಟ್ಟಿಗೆ. ಕಾಗದಪತ್ರದಲ್ಲಿ ಅದನ್ನು ಫೈರ್‌ವಾಲ್ ಎಂದು ಬರೆಯುತ್ತೇವೆ. ಊರಿನ ಟೆಲಿಫೋನುಗಳ ಮಾತೆಲ್ಲ ಅದರ ಮೂಲಕವೇ ಹರಿಯುವುದು. ಪೆಟ್ಟಿಗೆ ಒಂದೇ ಆದರೂ ಒಳಗೆ ಎರಡು ವರ್ಚುವಲ್ ಡೊಮೈನ್‌ಗಳು, ಅಂದರೆ ಒಂದೇ ಕಬ್ಬಿಣದ ಡಬ್ಬಿಯೊಳಗೆ ಎರಡು ಬೇರೆ ಬೇರೆ ಪೆಟ್ಟಿಗೆಗಳಿದ್ದ ಹಾಗೆ. ಇದರ ದಾರಿಗಳು ಇದಕ್ಕೆ, ಅದರ ದಾರಿಗಳು ಅದಕ್ಕೆ. ಇನ್ನೊಂದು ಇದೆ ಎನ್ನುವುದೇ ಒಂದಕ್ಕೂ ಗೊತ್ತಿಲ್ಲ. ಹಳದಿಯದನ್ನು ಹತ್ತೊಂಬತ್ತು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ನೀಲಿಯದನ್ನು ಆ ಕಡೆಯ ಒಬ್ಬಳು ನೋಡಿಕೊಳ್ಳುತ್ತಾಳೆ. ಅವಳ ಹೆಸರು ನನಗೆ ಗೊತ್ತಿಲ್ಲ. ಬೆಳಿಗ್ಗೆ ಬಂದರೆ ನನ್ನ ಕುರ್ಚಿ ಒಂದು ಗೇಣು ಕೆಳಗಿಳಿದಿರುತ್ತದೆ, ಆದ್ದರಿಂದ ಕುಳ್ಳಗಿನ ಹೆಂಗಸು ಎಂದುಕೊಂಡಿದ್ದೇನೆ.

ನಾವಿಬ್ಬರೂ ಪೆಟ್ಟಿಗೆಯ ದಿನಚರಿಯಲ್ಲಿ ದಿನಕ್ಕೆ ನಾಲ್ಕು ನಾಲ್ಕು ಸಾಲು ಬರೆಯಬಹುದು. ಅದೊಂದೇ ಎರಡೂ ಕಡೆಯವರ ಕಣ್ಣಿಗೆ ಬೀಳುವ ಬರವಣಿಗೆ. ಎರಡೂ ಊರಿನ ಸಭೆಗಳು ಅದನ್ನು ಓದುತ್ತವೆ, ಆದ್ದರಿಂದ ಅದಕ್ಕೆ ಕಟ್ಟುನಿಟ್ಟು ಜಾಸ್ತಿ. ದಾರಿ, ಬಾಗಿಲು, ಅನುಮತಿ ಇಷ್ಟನ್ನು ಬರೆಯಬಹುದು. ಯಾರು ಮಾತಾಡಿದರು, ಯಾರಿಗೆ ಏನು ಕೇಳಿಸಿತು, ಯಾರ ಮನೆಯಲ್ಲಿ ಏನಾಯಿತು ಎಂದು ಬರೆದರೆ ಕೆಲಸ ಹೋಗುತ್ತದೆ. ಮೂರು ವರ್ಷದ ಹಿಂದೆ ಭಾಗೀರಥಕ್ಕ ಎಂಬ ರವಿಕೆ ಹೊಲಿಯುವ ಹೆಂಗಸು ನನ್ನ ಮನೆಗೇ ಬಂದು, "ಒಂದೇ ಒಂದು ಸಾಲು ಬರಿಯೇ ಹೇಮಾ, ನನ್ನ ತಂಗಿ ಇದ್ದಾಳೋ ಇಲ್ಲವೋ ಅಂತ" ಎಂದು ಕೇಳಿಕೊಂಡಿದ್ದಳು. ನಾನು ಆಗುವುದಿಲ್ಲ ಎಂದಿದ್ದೆ. "ಆಯ್ತಮ್ಮ, ಕಾನೂನು ಕಲಿತವಳು ನೀನು" ಎಂದು ಎದ್ದು ಹೋಗಿದ್ದಳು. ಆಮೇಲೆ ಅವಳಲ್ಲಿ ರವಿಕೆ ಹೊಲಿಸುವುದನ್ನೇ ನಾನು ಬಿಟ್ಟೆ. ಮುಖ ತೋರಿಸುವುದು ಕಷ್ಟವಾಗಿತ್ತು.

ಹೀಗಿರುವಾಗ ಎರಡು ಸಭೆಗಳೂ ಒಪ್ಪಿ ಎರಡು ಡೊಮೈನ್‌ಗಳ ನಡುವೆ ಒಂದು ಕೊಂಡಿ ಹಾಕಿ ನೋಡೋಣ ಎಂದು ತೀರ್ಮಾನಿಸಿದವು. ಒಂದು ದಿನದ ಪರೀಕ್ಷೆ. ಈ ಕಡೆಯ ಒಬ್ಬರು, ಆ ಕಡೆಯ ಒಬ್ಬರು ಟೆಲಿಫೋನಿನಲ್ಲಿ ಮಾತಾಡಬೇಕು. ಸಂಜೆ ಐದರೊಳಗೆ ಮೂರು ಮಾತು, ಮೂರಕ್ಕೆ ಮೂರು ಉತ್ತರ ಆದರೆ ಕೊಂಡಿ ಎಲ್ಲರಿಗೂ ತೆರೆಯುತ್ತದೆ. ಆಗದಿದ್ದರೆ ಮುಚ್ಚಿಬಿಡಬೇಕು, ಸಭೆಗಳು ಮತ್ತೆ ಕೂಡುವುದು ಏಳು ವರ್ಷದ ಮೇಲೆ. ಆ ಕಡೆ ಸಂಬಂಧಿಕರಿರುವ ನಾನೂರು ಜನರ ಹೆಸರು ಬರೆದು ಚೀಟಿ ಎತ್ತಿದರು. ಭಾಗೀರಥಕ್ಕನ ಹೆಸರು ಬಂತು. ಅವಳ ತಂಗಿ ಜಲಜ ನೀಲಿ ಬಾಗಿಲು ದಾಟಿ ಇಪ್ಪತ್ತೆರಡು ವರ್ಷವಾಗಿತ್ತು. ಭಾಗೀರಥಕ್ಕನಿಗೆ ಈಗ ಅರವತ್ತೊಂದು.

ಆ ಬೆಳಿಗ್ಗೆ ನಾನು ಎಂಟಕ್ಕೇ ಕಚೇರಿಗೆ ಹೋಗಿ ಕೂತಿದ್ದೆ. ಮನೆಯಲ್ಲಿ ತಿಂಡಿ ತಿಂದೆನೋ ಇಲ್ಲವೋ ನೆನಪಿಲ್ಲ. ನಲವತ್ತೆಂಟರ ವಯಸ್ಸಿನಲ್ಲಿ ಹೆಂಗಸಿನ ಕೈ ನಡುಗಿದರೆ ರಕ್ತದೊತ್ತಡ ನೋಡಿಸಿಕೋ ಎನ್ನುತ್ತಾರೆ. ನನ್ನ ಯಜಮಾನರೂ ಹಾಗೇ ಅಂದರು. ಅದು ರಕ್ತದೊತ್ತಡ ಅಲ್ಲ, ಖುಷಿ ಎಂದು ಹೇಗೆ ಹೇಳುವುದು! ಹತ್ತೊಂಬತ್ತು ವರ್ಷ ಒಂದೇ ಊರೊಳಗಿನ ದಾರಿಗಳನ್ನು ತಿದ್ದುತ್ತಾ ಬಂದವಳಿಗೆ ಮೊದಲ ಸಲ ಊರಿನಿಂದ ಊರಿಗೆ ದಾರಿ ಹಾಕುವ ಕೆಲಸ ಬಂದಿತ್ತು. ಕೊಂಡಿಯ ಈ ತುದಿಯನ್ನು ಎತ್ತಿ ನಿಲ್ಲಿಸಿದೆ. ನೀಲಿ ಊರಿಗೆ ಹೋಗುವ ದಾರಿ ಬರೆದೆ. ಮಾತು ಹೊರಡಲು ಅನುಮತಿ ಬರೆದೆ. ಅವರ ಉತ್ತರ ನಮ್ಮ ಊರಿಗೆ ಮರಳಿ ಬರಬೇಕಲ್ಲ, ಆ ದಾರಿಯನ್ನೂ ಮರೆಯದೆ ಬರೆದೆ. ಎಲ್ಲ ಮುಗಿಸಿ ದಿನಚರಿಯಲ್ಲಿ ನನ್ನ ಮೊದಲ ಸಾಲು ಬರೆದೆ: "ಕೊಂಡಿಯ ನಮ್ಮ ತುದಿ ಸಿದ್ಧ." ಎರಡು ನಿಮಿಷದಲ್ಲಿ ಅವಳ ಸಾಲು ಬಂತು: "ನಮ್ಮ ತುದಿಯೂ ಸಿದ್ಧ. ಶುಭವಾಗಲಿ." ಶುಭವಾಗಲಿ ಎನ್ನುವುದು ದಾರಿಯೂ ಅಲ್ಲ, ಬಾಗಿಲೂ ಅಲ್ಲ, ಅನುಮತಿಯೂ ಅಲ್ಲ. ಅವಳ ಎದೆಯೂ ನನ್ನದರ ಹಾಗೇ ಹೊಡೆದುಕೊಳ್ಳುತ್ತಿರಬೇಕು ಎಂದುಕೊಂಡೆ.

ಒಂಬತ್ತಕ್ಕೆ ಸಭೆಯ ಕಡೆಯಿಂದ ಪುಟ್ಟನಂಜಯ್ಯನವರು ಬಂದರು. ಕೈಯಲ್ಲಿ ಮೂರು ಗೆರೆ ಎಳೆದ ಒಂದು ಹಾಳೆ, ಪೆನ್ನು, ಫ್ಲಾಸ್ಕ್. "ನನ್ನ ಕೆಲ್ಸ ಎಣಿಸೋದು ಅಷ್ಟೇ ಕಣಮ್ಮ. ಮೂರಾಯ್ತು ಅಂದ್ರೆ ಸಹಿ ಹಾಕ್ತೀನಿ. ಎರಡೂವರೆ ಆಯ್ತು ಅಂದ್ರೆ ಹಾಕಲ್ಲ" ಎಂದು ಮೂಲೆಯ ಕುರ್ಚಿಯ ಮುಂದೆ ನಿಂತು ಎರಡು ಸಲ ಚಪ್ಪಾಳೆ ತಟ್ಟಿ ಕೂತರು. ಹಿಂದೆಯೇ ಭಾಗೀರಥಕ್ಕ ಬಂದಳು. ಗಿಳಿಹಸಿರು ಸೀರೆ, ತಾನೇ ಹೊಲಿದ ಹೊಸ ರವಿಕೆ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು. "ಫೋನಲ್ಲಿ ಸೀರೆ ಕಾಣಿಸಲ್ಲ ಭಾಗೀರಥಮ್ಮ" ಎಂದರು ಪುಟ್ಟನಂಜಯ್ಯ. "ನಿಮ್ಮ ಮುಖಾನೂ ಕಾಣಿಸಲ್ಲ, ಆದ್ರೂ ಕ್ಷೌರ ಮಾಡಿಸ್ಕೊಂಡು ಬಂದಿದ್ದೀರಲ್ಲ" ಎಂದಳು ಅವಳು. ನನ್ನ ಕಡೆ ಮಾತ್ರ ನೋಡಲಿಲ್ಲ.

ಅವಳ ಕೈಯಲ್ಲಿ ಒಂದು ಚೀಟಿ ಇತ್ತು. ಮೂರು ವಾಕ್ಯ ಬರೆದುಕೊಂಡು ಬಂದಿದ್ದಳು. ಗಾಜಿನ ಗೋಡೆಯ ಆಚೆಗಿನ ಚಿಕ್ಕ ಕೋಣೆಯಲ್ಲಿ ಅವಳನ್ನು ಕೂರಿಸಿ ರಿಸೀವರ್ ಕೈಗೆ ಕೊಟ್ಟೆ. ನನ್ನ ಕಿವಿಗೆ ಹೆಡ್‌ಫೋನು ಹಾಕಿಕೊಂಡೆ. ಒಂಬತ್ತು ಹದಿನೈದಕ್ಕೆ ಅವಳು ಚೀಟಿ ನೋಡಿಕೊಂಡು ಗಂಟಲು ಸರಿಮಾಡಿ ಓದಿದಳು: "ಜಲಜ, ನಾನು ಭಾಗೀರಥಿ. ನಾನು ಕ್ಷೇಮ. ನೀನೂ ಕ್ಷೇಮ ಎಂದು ನಂಬಿದ್ದೇನೆ." ಆಮೇಲೆ ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ಪುಟ್ಟನಂಜಯ್ಯನವರು ಪೆನ್ನಿನ ಮುಚ್ಚಳ ತೆಗೆದರು.

ಏನೂ ಬರಲಿಲ್ಲ. ಇನ್ನೊಂದು ಸಲ ಓದಿದಳು. ಏನೂ ಬರಲಿಲ್ಲ.

ಮೊದಲ ಒಂದು ಗಂಟೆ ನನಗೆ ಬೇಸರವೇ ಆಗಲಿಲ್ಲ. ನಿಜ ಹೇಳಬೇಕೆಂದರೆ ಸಂತೋಷವೇ ಆಯಿತು. ಕೆಟ್ಟಿದ್ದನ್ನು ಹುಡುಕುವುದರಲ್ಲಿ ಒಂದು ರುಚಿ ಇದೆ, ಅದು ಎಲ್ಲ ಸರಿಯಾಗಿರುವಾಗ ಸಿಗುವುದಿಲ್ಲ. ಕೊಂಡಿಯ ನಮ್ಮ ತುದಿಯ ಮೇಲೆ ಕಣ್ಣಿಟ್ಟು, "ಅಕ್ಕ, ಮಾತಾಡ್ತಾ ಇರಿ" ಎಂದೆ. ಅವಳು ಬಾಯಿ ತೆರೆದಾಗಲೆಲ್ಲ ಪರದೆಯ ಮೇಲೆ ಅವಳ ಮಾತಿನ ಚೂರುಗಳು ಸಾಲುಗಟ್ಟಿ ಹೊರಟು ಕೊಂಡಿಯೊಳಗೆ ಇಳಿಯುತ್ತಿದ್ದವು. ಹೋಗುವುದಂತೂ ಹೋಗುತ್ತಿದೆ. ಆ ಕಡೆ ಇಳಿಯಲು ಅನುಮತಿ ಇಲ್ಲವೇನೋ? ಎರಡನೆಯ ಸಾಲು ಬರೆದೆ: "ಕೊಂಡಿಯಿಂದ ನಿಮ್ಮ ಊರೊಳಗೆ ಬರಲು ಅನುಮತಿ ಬರೆದಿದೆಯೇ?" ಉತ್ತರ ಬಂತು: "ಬರೆದಿದೆ. ಎರಡು ಸಲ ನೋಡಿದೆ." ವಿಳಾಸ ತಪ್ಪೇನೋ ಎಂದು ಮಧ್ಯಾಹ್ನ ಮೂರನೆಯ ಸಾಲು ಖರ್ಚು ಮಾಡಿದೆ: "ಕೊಂಡಿಯ ನಿಮ್ಮ ತುದಿಯ ವಿಳಾಸ ತಿಳಿಸಿ." ತಿಳಿಸಿದಳು. ಸರಿಯಾಗಿಯೇ ಇತ್ತು. ನಿನ್ನ ಕಡೆಯವಳಿಗೆ ಕೇಳಿಸುತ್ತಿದೆಯೇ ಎಂದು ಒಂದು ಮಾತು ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕೇಳುವಂತಿರಲಿಲ್ಲ. ಅವಳೂ ಹೇಳುವಂತಿರಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಭಾಗೀರಥಕ್ಕ ಚೀಟಿಯನ್ನು ಹದಿನಾಲ್ಕು ಸಲ ಓದಿದ್ದಳು. ಗಾಜಿನ ಆಚೆಯಿಂದ, "ಹೇಮಾ, ಇದು ಹೋಗ್ತಿದೆಯಾ ನಿಜವಾಗ್ಲೂ? ಗೋಡೆ ಹತ್ರ ಮಾತಾಡ್ದಂಗಿದೆ" ಎಂದಳು. "ಇಲ್ಲಿಂದ ಹೋಗ್ತಿದೆ ಅಕ್ಕ. ಅಲ್ಲಿ ಮುಟ್ಟುತ್ತಾ ಇದ್ದಂಗಿಲ್ಲ" ಎಂದೆ. ನನಗೆ ಹಾಗೆ ಹೇಳುವ ಹಕ್ಕಿರಲಿಲ್ಲ. ಬರುವುದು ಕಾಣುತ್ತಿಲ್ಲವೆಂದ ಮಾತ್ರಕ್ಕೆ ಮುಟ್ಟುತ್ತಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೆ. "ನೀವು ಮಾತ್ರ ನಿಲ್ಲಿಸಬೇಡಿ. ಏನಾದ್ರೂ ಮಾತಾಡ್ತಾ ಇರಿ, ನನಗೆ ಹುಡುಕೋಕೆ ಮಾತು ಬೇಕು."

"ಏನು ಮಾತಾಡ್ಲಿ?"

"ಏನಾದ್ರೂ. ಯಾರೂ ಕೇಳ್ತಿಲ್ಲವಲ್ಲ."

ಅವಳು ಚೀಟಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೊದಲು ಬೆಳಿಗ್ಗೆ ಮಾಡಿದ ಸಾರಿನ ವಿಷಯ ಹೇಳಿದಳು. ಆಮೇಲೆ ಕಾಲುನೋವು, ಸೂಜಿಗೆ ದಾರ ಪೋಣಿಸಲು ಈಗ ಎರಡು ಕನ್ನಡಕ ಬೇಕಾಗುತ್ತದೆ ಎನ್ನುವುದು. ನಾನು ಪರದೆ ನೋಡುತ್ತಾ ಅರ್ಧ ಕಿವಿ ಕೊಟ್ಟಿದ್ದೆ. ಯಾವಾಗ ಧ್ವನಿ ಬದಲಾಯಿತೋ ತಿಳಿಯಲಿಲ್ಲ. ನೋಡುವಷ್ಟರಲ್ಲಿ ಅವಳು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಕಡೆ ತಿರುಗಿಕೊಂಡಿದ್ದಳು.

"ಆ ದಿವಸ ಎಂಬತ್ತು ಎಲೆ ಹಾಕ್ಸಿದ್ದೆ ನಾನು. ಗಂಡಿನೋರ ಎದುರಿಗೇ ನೀನು ತಟ್ಟೆ ಕೆಳಗಿಟ್ಟು ಎದ್ದು ಹೋದೆ. ನನ್ನ ಕಣ್ಣೆದುರಿಗೆ ಇಲ್ದಿದ್ರೆ ಸಾಕು ನೀನು ಅಂದೆ ನಾನು. ಮಾರನೆ ದಿನ ಇರ್ಲಿಲ್ಲ ನೀನು. ಎಲ್ಲರೂ ಏನಂದ್ರು ಗೊತ್ತಾ, ಪಾಪ ಭಾಗೀರಥಿ, ಸಿಟ್ಟಲ್ಲಿ ಒಂದು ಮಾತು ಅಂದ್ಲು, ಆ ಹುಡುಗಿ ಹಂಗೆ ಮಾಡ್ತು ಅಂದ್ರು. ಸಿಟ್ಟಲ್ಲಿ ಅಂದಿದ್ದಲ್ಲ ಜಲಜೀ. ಹಿಂದಿನ ಸಂಜೆ ನೀನು ನನ್ನ ಹತ್ರ ಬಂದು, ಅಕ್ಕ ನಂಗಿದು ಬೇಡ ಅಂದಿದ್ಯಲ್ಲ. ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನೀನು ಮನೆಯಿಂದ ಹೋದ್ರೆ ಸಾಕಾಗಿತ್ತು ನಂಗೆ. ನೀನಿದ್ದ ಕಡೆ ಎಲ್ಲರೂ ನಿನ್ನ ಮಾತಿಗೇ ನಗೋರು. ನಾನು ಬಡಿಸೋಳು. ನೀನು ಹೋದ ಮೇಲೆ ಒಂದು ವಾರ ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ ನಂಗೆ? ಎಂಟನೇ ದಿನದಿಂದ ಬರ್ಲಿಲ್ಲ. ಆದ್ರೆ ಒಂದು ವಾರ ಬಂತು. ಅದನ್ನ ಯಾರಿಗೆ ಹೇಳ್ಲಿ?"

ಪುಟ್ಟನಂಜಯ್ಯನವರು ಫ್ಲಾಸ್ಕಿನ ಮುಚ್ಚಳವನ್ನು ಬಹಳ ಹೊತ್ತು ಒರೆಸುತ್ತಾ ಕೂತರು. ನಾನು ಹೆಡ್‌ಫೋನ್ ತೆಗೆಯಬೇಕಾಗಿತ್ತು. ತೆಗೆಯಲಿಲ್ಲ. ಪಾತ್ರೆ ತೊಳೆಯುವಾಗ, ಸೊಪ್ಪು ಬಿಡಿಸುವಾಗ ನಾನೂ ಒಬ್ಬಳೇ ಮಾತಾಡುವವಳು. ನನ್ನ ತಾಯಿಯೂ ಮಾತಾಡುತ್ತಿದ್ದಳು. ಕೇಳುವವರಿಲ್ಲ ಎಂದು ಗೊತ್ತಾದಾಗಲೇ ನಮ್ಮ ಬಾಯಿಗೆ ನಿಜ ಬರುವುದು. ಇನ್ನೊಬ್ಬಳ ಅಂಥ ಮಾತು ನನ್ನ ಕಿವಿಯೊಳಗೇ ನಡೆಯುತ್ತಿತ್ತು. ನಾನು ಕೇಳುತ್ತಿದ್ದೇನೆ ಎನ್ನುವುದನ್ನು ಅವಳು ಮರೆತಿದ್ದಳು.

ನಾಲ್ಕೂ ಇಪ್ಪತ್ತಾಯಿತು. ನೋಡಲು ಬೇರೆ ಏನೂ ಉಳಿಯದೆ, ಕೇಬಲ್ ಏನಾದರೂ ಸಡಿಲವಾಗಿದೆಯೇ ಎಂದು ಟಾರ್ಚು ಹಿಡಿದು ಪೆಟ್ಟಿಗೆಯ ಹಿಂಬದಿಗೆ ಹೋದೆ. ಅಲ್ಲಿ ಗೋಡೆಗೂ ಪೆಟ್ಟಿಗೆಗೂ ನಡುವೆ ಒಬ್ಬಳು ಅಡ್ಡಡ್ಡಲಾಗಿ ನಿಲ್ಲುವಷ್ಟು ಜಾಗ. ಹಿಂಬದಿಯಲ್ಲಿ ಒಂದು ಬಾಗಿಲಿದೆ, ಹೊರಬಾಗಿಲು ಎನ್ನುತ್ತೇವೆ. ಎಲ್ಲಿಗೆ ಕಳಿಸಬೇಕೆಂದು ದಾರಿ ಗೊತ್ತಿಲ್ಲದ ಮಾತನ್ನೆಲ್ಲ ಪೆಟ್ಟಿಗೆ ಅಲ್ಲಿಂದ ಆಚೆಗೆ ತಳ್ಳಿಬಿಡುತ್ತದೆ. ಆಚೆಗೆ ಬರೀ ಬಯಲು, ಊರಿನ ಕೊನೆಯ ಕಂಬದವರೆಗೆ ಒಂದು ತಂತಿ, ಅಷ್ಟೇ. ದಾರಿ ತಪ್ಪುವ ಮಾತು ನಮ್ಮಲ್ಲಿ ಇಲ್ಲದ್ದರಿಂದ ಆ ಬಾಗಿಲಿನ ಪುಟ್ಟ ಹಸಿರು ದೀಪ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಮಿನುಗಿದ್ದನ್ನು ನಾನು ನೋಡಿರಲಿಲ್ಲ.

ಅದು ಮಿನುಗುತ್ತಿತ್ತು.

ಹೆಡ್‌ಫೋನಿನಲ್ಲಿ ಭಾಗೀರಥಕ್ಕ ಏನೋ ಹೇಳುತ್ತಿದ್ದಳು. ದೀಪ ನಿಂತಿತು. ಅವಳು ಉಸಿರೆಳೆದುಕೊಳ್ಳಲು ನಿಲ್ಲಿಸಿದಳು. ದೀಪ ಪಟಪಟನೆ ಮಿನುಗಿತು. ಅವಳು ಮತ್ತೆ ಶುರುಮಾಡಿದಳು, ದೀಪ ನಿಂತಿತು. ಮೂಗು ಒರೆಸಿಕೊಳ್ಳಲು ಸ್ವಲ್ಪ ದೀರ್ಘವಾಗಿ ನಿಲ್ಲಿಸಿದಳು; ದೀಪ ದೀರ್ಘವಾಗಿ, ಬಿಡದೆ, ಏದುಸಿರು ಬಿಡುವವರ ಹಾಗೆ ಮಿನುಗುತ್ತಲೇ ಇತ್ತು. ಯಾರೋ ಇವಳಿಗೆ ಉತ್ತರ ಕೊಡುತ್ತಿದ್ದಾರೆ! ಇವಳು ಮುಗಿಸುವವರೆಗೆ ಕಾದು, ಇವಳು ನಿಲ್ಲಿಸಿದ ಕೂಡಲೇ ಉತ್ತರ ಕೊಡುತ್ತಿದ್ದಾರೆ! ಆ ಉತ್ತರವೆಲ್ಲ ಹೊರಬಾಗಿಲಿನಿಂದ ಬಯಲಿಗೆ ಹೋಗಿ ಬೀಳುತ್ತಿದೆ!

ಸೀರೆಯ ಸೆರಗು ಕೇಬಲ್ಲಿಗೆ ಸಿಕ್ಕಿಕೊಂಡಿದ್ದನ್ನು ಎಳೆದುಕೊಂಡೇ ಓಡಿ ಬಂದೆ. ಹೊರಬಾಗಿಲಿನ ಎಣಿಕೆಯನ್ನು ಎರಡೂ ಕಡೆಯವರು ನೋಡಬಹುದು. ತೆಗೆದು ನೋಡಿದೆ. ನಿನ್ನೆಯವರೆಗೆ ಸೊನ್ನೆ. ಇಂದು ಬೆಳಿಗ್ಗೆ ಒಂಬತ್ತು ಹದಿನಾರರಿಂದ ನಲವತ್ತೊಂದು ಸಾವಿರ ಚೂರು, ಎಲ್ಲವೂ ನೀಲಿ ಡೊಮೈನಿನಿಂದ ಬಂದವು. ನೋಡುತ್ತಿದ್ದ ಹಾಗೇ ಇನ್ನೂ ಏರುತ್ತಿತ್ತು. ಅಂದರೆ ಆ ಕಡೆಯ ಪೆಟ್ಟಿಗೆಗೆ ನಮ್ಮ ಊರು ಎಲ್ಲಿದೆ ಎಂದೇ ಗೊತ್ತಿಲ್ಲ. ಮಾತು ಬರುತ್ತದೆ, ಅನುಮತಿ ಇದೆ, ಒಳಗೆ ಬಿಟ್ಟುಕೊಳ್ಳುತ್ತದೆ. ಉತ್ತರ ಕೊಡುವಾಗ ಹಳದಿ ಊರಿಗೆ ದಾರಿ ಯಾವುದು ಎಂದು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ, ಸಿಗುವುದಿಲ್ಲ, ಹೊರಗೆ ತಳ್ಳುತ್ತದೆ.

ಆದರೆ ಮರಳುವ ದಾರಿ ನಾನು ಬೆಳಿಗ್ಗೆಯೇ ಬರೆದಿದ್ದೆನಲ್ಲ! ಹಣೆ ಹಣೆ ಚಚ್ಚಿಕೊಂಡೆ. ಬರೆದಿದ್ದೆ, ನಮ್ಮ ಪೆಟ್ಟಿಗೆಯಲ್ಲಿ. ನಮ್ಮ ಊರಿಗೆ ಹೇಗೆ ಬರಬೇಕೆಂದು ನಮ್ಮ ಪೆಟ್ಟಿಗೆಗೇ ಹೇಳಿಕೊಟ್ಟಿದ್ದೆ. ನಮ್ಮಲ್ಲಿ ಮೊದಲಿನಿಂದಲೂ ರೂಢಿ ಹಾಗೆ. ಯಾರನ್ನಾದರೂ ಮನೆಗೆ ಕರೆದರೆ ವಾಪಸು ಅವರ ಮನೆ ಬಾಗಿಲಿನವರೆಗೆ ಬಿಟ್ಟು ಬರುವುದು ಕರೆದವರ ಜವಾಬ್ದಾರಿ. ಬಂದವರು ತಾವಾಗಿಯೇ ಎದ್ದು ದಾರಿ ಹುಡುಕಿಕೊಂಡು ಹೋದರೆ ಕರೆದವರಿಗೆ ಅವಮಾನ. ಟೆಲಿಫೋನಿನಲ್ಲಿ ಕರೆದವರು ನಾವು. ಆದ್ದರಿಂದ ಅವರ ಉತ್ತರವನ್ನು ಕರೆತರುವ ದಾರಿಯನ್ನು ನಾನೇ ಬರೆಯಬೇಕೆಂದು, ಒಂದು ಕ್ಷಣವೂ ಯೋಚಿಸದೆ ಬರೆದಿದ್ದೆ. ಆ ಕಡೆಯ ಕುಳ್ಳಗಿನ ಹೆಂಗಸೂ ಇದೇ ರೂಢಿಯಲ್ಲಿ ಬೆಳೆದವಳು. ಕರೆದವರ ಕೆಲಸಕ್ಕೆ ತಾನು ಕೈಹಾಕಬಾರದೆಂದು ಮರ್ಯಾದೆಯಿಂದ ಸುಮ್ಮನಿದ್ದಾಳೆ. ಪೆಟ್ಟಿಗೆಗೆ ಈ ಮರ್ಯಾದೆ ಗೊತ್ತಿಲ್ಲ. ಉತ್ತರ ಎಲ್ಲಿಂದ ಹೊರಡುತ್ತದೋ ದಾರಿ ಅಲ್ಲಿ ಬರೆದಿರಬೇಕು.

ನನಗೆ ಉಳಿದಿದ್ದು ಒಂದು ಸಾಲು. ಬರೆದೆ: "ಹಳದಿ ಊರಿಗೆ ಬರುವ ದಾರಿ ನಿಮ್ಮ ಕಡೆಯೇ ಬೇಕು, ಕೊಂಡಿಯ ಮೂಲಕ, ದಯವಿಟ್ಟು ಈಗಲೇ ಬರೆಯಿರಿ." ಎರಡು ಸಲ ಓದಿ ಒತ್ತಿದೆ. ನಾಲ್ಕೂ ಮೂವತ್ತೊಂದು. ಅವಳು ಬೆಳಿಗ್ಗೆಯಿಂದ ಪರದೆಯ ಮುಂದೆಯೇ ಇದ್ದಾಳೋ, ಕಾಫಿಗೆ ಎದ್ದಿದ್ದಾಳೋ ಯಾರಿಗೆ ಗೊತ್ತು.

"ಸಿಕ್ತಾ?" ಎಂದರು ಪುಟ್ಟನಂಜಯ್ಯ. ನನ್ನ ಮುಖ ನೋಡಿಯೇ ಎದ್ದು ನಿಂತಿದ್ದರು.

"ಸಿಕ್ತು! ಹೋಗೋದು ಬೆಳಿಗ್ಗೆಯಿಂದ ಸರಿಯಾಗೇ ಹೋಗ್ತಿದೆ. ಬರೋದು ಮಾತ್ರ..." ಎಂದವಳು ಅಲ್ಲೇ ನಿಂತೆ. ಹೋಗುವುದು ಬೆಳಿಗ್ಗೆಯಿಂದ ಸರಿಯಾಗಿಯೇ ಹೋಗುತ್ತಿದೆ. ಗಾಜಿನ ಆಚೆ ಭಾಗೀರಥಕ್ಕ ನಮ್ಮನ್ನೇ ನೋಡುತ್ತಿದ್ದಳು.

ಹೇಳದೇ ಇರಬಹುದಿತ್ತು. ದಾರಿ ಸರಿಯಾದ ಮೇಲೆ ಅವಳಿಗೇ ಗೊತ್ತಾಗಲಿ ಎಂದು ಬಿಡಬಹುದಿತ್ತು. ಆದರೆ ಯಾರೂ ಕೇಳುತ್ತಿಲ್ಲ ಎಂದು ಅವಳಿಗೆ ಮಾತು ಕೊಟ್ಟವಳು ನಾನು. ಕೋಣೆಯೊಳಗೆ ಹೋಗಿ ಅವಳ ಪಕ್ಕ ಮೊಣಕಾಲೂರಿ ಕೂತು, ರಿಸೀವರಿಗೆ ಕೈ ಅಡ್ಡ ಹಿಡಿದೆ. "ಭಾಗೀರಥಕ್ಕ, ನನ್ನಿಂದ ತಪ್ಪಾಯ್ತು. ನೀವು ಬೆಳಿಗ್ಗೆಯಿಂದ ಹೇಳಿದ್ದೆಲ್ಲ ಆ ಕಡೆಗೆ ಮುಟ್ಟಿದೆ."

"ಯಾವುದು ಮುಟ್ಟಿದೆ?"

"ಎಲ್ಲಾ."

ಅವಳು ಹಾವು ಹಿಡಿದವಳ ಹಾಗೆ ರಿಸೀವರನ್ನು ನನ್ನ ಕೈಗೆ ತುರುಕಿ ಎದ್ದಳು. ಸೆರಗು ಹೊದ್ದುಕೊಂಡಳು. "ನಾನು ಮನೆಗೆ ಹೋಗ್ತೀನಿ."

"ಅಕ್ಕ, ಇನ್ನು ಇಪ್ಪತ್ತೈದು ನಿಮಿಷ..."

"ಆ ನಿದ್ದೆ ಮಾತೂನಾ? ಅದೂ ಹೋಯ್ತಾ?" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ಯಾರೂ ಕೇಳ್ತಿಲ್ಲ ಅಂದ್ಯಲ್ಲೇ! ನೀನು ಹೇಳಿದ್ದಕ್ಕೆ ತಾನೇ ನಾನು... ಮೂರು ವರ್ಷದ ಹಿಂದೆ ಒಂದು ಸಾಲು ಬರಿಯೇ ಅಂದ್ರೆ ಆಗಲ್ಲ ಅಂದೆ. ಇವತ್ತು ನನ್ನ ಹೊಟ್ಟೇಲಿರೋದನ್ನೆಲ್ಲ ಕಿತ್ತು ಕಳಿಸ್ಬಿಟ್ಟೆ. ಅವಳಿಗೆ ಇನ್ನೇನು ಮುಖ ತೋರಿಸ್ಲಿ ನಾನು?"

"ಮುಖ ಹೆಂಗೂ ಕಾಣಿಸಲ್ಲ ಭಾಗೀರಥಮ್ಮ" ಎಂದರು ಬಾಗಿಲಲ್ಲಿ ನಿಂತಿದ್ದ ಪುಟ್ಟನಂಜಯ್ಯ. ಹಾಸ್ಯಕ್ಕಲ್ಲ, ನಿಜವಾಗಿಯೂ ಸಮಾಧಾನಕ್ಕೆ ಹೇಳಿದ್ದರು. ಅವಳು ಅವರನ್ನು ನೋಡಿದ ರೀತಿಗೆ ಅವರು ಎರಡು ಹೆಜ್ಜೆ ಹಿಂದೆ ಹೋದರು.

ಅವಳ ಕೈ ಹಿಡಿದುಕೊಂಡು ಪರದೆಯ ಹತ್ತಿರ ಕರೆತಂದೆ. ಬಿಡಿಸಿಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ. "ಬೈಯೋದು ಆಮೇಲೆ ಬೈಯಿರಿ. ಇದೊಂದು ನೋಡಿ ಹೋಗಿ. ಇದು ನಿಮ್ಮ ತಂಗಿ ಕೊಟ್ಟ ಉತ್ತರ. ಏನಂದ್ರು ಅಂತ ನನಗೆ ಗೊತ್ತಿಲ್ಲ, ಮಾತು ಇಲ್ಲಿಗೆ ಬಂದಿಲ್ಲ. ಆದ್ರೆ ಎಷ್ಟು ಅಂತ ಗೊತ್ತು. ಬೆಳಿಗ್ಗೆ ಒಂಬತ್ತು ಹದಿನೈದಕ್ಕೆ ನೀವು ಶುರುಮಾಡಿದ್ರಿ. ಒಂಬತ್ತು ಹದಿನಾರಕ್ಕೆ ಅವರು ಶುರುಮಾಡಿದ್ದಾರೆ. ನೀವು ಮಧ್ಯಾಹ್ನ ಊಟಕ್ಕೆ ಎದ್ದಿರಲ್ಲ, ಆ ಅರ್ಧ ಗಂಟೆ ನೋಡಿ, ಆಗಲೂ ನಿಲ್ಲಿಸಿಲ್ಲ. ನಿದ್ದೆ ವಿಷಯ ಹೇಳಿದ್ದು ಮೂರು ಗಂಟೆಗೆ. ಅದಾದ ಮೇಲೆ ಎದ್ದು ಹೋಗಿದ್ರೆ ಇಲ್ಲಿ ಏರೋದು ನಿಲ್ಲಬೇಕಾಗಿತ್ತು."

ಅವಳು ಎರಡು ಕನ್ನಡಕದಲ್ಲಿ ಒಂದನ್ನು ಹಾಕಿಕೊಂಡು ಬಗ್ಗಿ ನೋಡಿದಳು. ಸಂಖ್ಯೆಯ ಕೊನೆಯ ಅಂಕಿಗಳು ಕಣ್ಣಿಗೆ ಸಿಗದಷ್ಟು ಬೇಗ ಬದಲಾಗುತ್ತಿದ್ದವು. "ಇದು ಈಗ ಓಡ್ತಿರೋದು..."

"ಈಗಲೂ ಮಾತಾಡ್ತಿದ್ದಾರೆ."

"ಬೈತಿರ್ಬೇಕು" ಎಂದಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. "ಮೊದಲಿಂದಾನೂ ಹಂಗೇ ಅವಳು. ಶುರು ಮಾಡಿದ್ರೆ ಉಸಿರು ತಗೊಳಲ್ಲ." ಆಮೇಲೆ ತಾನಾಗಿಯೇ ಕೋಣೆಗೆ ಹೋಗಿ ಕುರ್ಚಿಯ ಅಂಚಿನ ಮೇಲೆ, ಎದ್ದು ಹೋಗುವವಳ ಹಾಗೆ ಕೂತು, ರಿಸೀವರಿಗಾಗಿ ಕೈ ಚಾಚಿದಳು.

ನಾಲ್ಕೂ ನಲವತ್ತು. ದಿನಚರಿಯಲ್ಲಿ ಏನೂ ಇಲ್ಲ. ನಲವತ್ತೈದು. ಪುಟ್ಟನಂಜಯ್ಯನವರು ಗಡಿಯಾರದ ಕೆಳಗೆ ನಿಂತು, "ಇದು ಎರಡು ನಿಮಿಷ ಮುಂದಿದೆ ಅಂತ ನನಗೆ ಯಾವಾಗ್ಲೂ ಅನುಮಾನ ಕಣಮ್ಮ" ಎಂದರು. ಎಣಿಸುವುದಷ್ಟೇ ತನ್ನ ಕೆಲಸ ಎಂದಿದ್ದ ಮನುಷ್ಯನ ಹಣೆಯಲ್ಲಿ ಬೆವರು. ನಲವತ್ತೆಂಟು. ನನ್ನ ಕುರ್ಚಿಯಲ್ಲಿ, ಇದೇ ಜಾಗದಲ್ಲಿ, ಬಹುಶಃ ನನ್ನ ತೊಡೆಯ ಮೇಲೆಯೇ ಕೂತಿರುವ ಆ ಹೆಂಗಸಿಗೆ ಒಮ್ಮೆ ಪರದೆ ನೋಡೇ ಎಂದು ಗಟ್ಟಿಯಾಗಿ ಕೂಗಿಬಿಟ್ಟೆ. ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಕೂಗಿದೆ.

ನಲವತ್ತೊಂಬತ್ತಕ್ಕೆ ಸಾಲು ಬಂತು. "ಕರೆದವರು ನೀವೇ ಬರೆದಿರುತ್ತೀರಿ ಎಂದುಕೊಂಡಿದ್ದೆ. ಕ್ಷಮಿಸಿ. ಬರೆದೆ."

ಪೆಟ್ಟಿಗೆಯ ಹಿಂದಿನ ದೀಪ ಆರಿತೋ ಇಲ್ಲವೋ ನಾನು ನೋಡಲು ಹೋಗಲಿಲ್ಲ. ಹೆಡ್‌ಫೋನಿನಲ್ಲಿ 'ಕರ್' ಎಂದಿತು. ಆಮೇಲೆ ಒಂದು ಧ್ವನಿ, ಒಂದು ಮಾತಿನ ನಡುವಿನಿಂದಲೇ, ಬೆಳಿಗ್ಗೆಯಿಂದ ಕೂಗಿ ಕೂಗಿ ಒಡೆದುಹೋದ ಹೆಂಗಸಿನ ಧ್ವನಿ, ನನ್ನ ಎರಡೂ ಕಿವಿಯೊಳಗೆ ನುಗ್ಗಿತು. ಪುಟ್ಟನಂಜಯ್ಯನವರಿಗೂ ಕೇಳಿಸಲೆಂದು ಹೆಡ್‌ಫೋನಿನ ಒಂದು ಬದಿಯನ್ನು ಅವರ ಕಡೆ ತಿರುಗಿಸಿ ಹಿಡಿದೆ.

"...ನೀನು ಅಂದ ಮಾತಿಗೇ ಹೊರಟುಬಂದೆ ಅಂತ ಇಲ್ಲಿ ಎಲ್ಲರ ಹತ್ರಾನೂ ಹೇಳ್ಕೊಂಡು ತಿರುಗಿದ್ದೀನಿ ಅಕ್ಕ. ಅದು ಸುಳ್ಳು. ಅದಕ್ಕೆ ಎರಡು ತಿಂಗಳ ಮುಂಚೆನೇ ಬಾಗಿಲು ಬದಲಾಯಿಸೋಕೆ ಹೆಸರು ಬರೆಸಿಟ್ಟಿದ್ದೆ. ಗಂಡಿನೋರು ಬಂದ್ರೂ ಹೋಗೋಳೇ, ಬರ್ದಿದ್ರೂ ಹೋಗೋಳೇ ನಾನು. ನಿನಗೆ ಹೆಂಗೆ ಹೇಳೋದು ಅಂತಿದ್ದೆ, ಅಷ್ಟ್ರಲ್ಲಿ ನೀನೇ ಬೈದೆ, ನಂಗೆ ಅನುಕೂಲ ಆಯ್ತು. ನಿನಗೆ ಕೇಳ್ಸೋ ಹಂಗಿದ್ರೆ ಇದನ್ನ ಸಾಯೋವರೆಗೂ ಹೇಳ್ತಿರ್ಲಿಲ್ಲ. ಹೆಂಗೂ ಕೇಳಿಸ್ತಿಲ್ವಲ್ಲ ಅಂತ..."

"ಎರಡು ತಿಂಗಳ ಮುಂಚೆನಾ?" ಎಂದಳು ಭಾಗೀರಥಕ್ಕ.

ಆ ಕಡೆಯಿಂದ ಬಹಳ ಸಣ್ಣ ಧ್ವನಿಯಲ್ಲಿ, "ಅಕ್ಕಾ? ಕೇಳಿಸ್ತಾ?"

"ಒಂದು" ಎಂದು ಪಿಸುಗುಟ್ಟಿದರು ಪುಟ್ಟನಂಜಯ್ಯ. ಹಾಳೆಯ ಮೇಲೆ ಒಂದು ಗುರುತು ಹಾಕಿದರು.

"ಎರಡು ತಿಂಗಳ ಮುಂಚೆನೇ ಹೆಸರು ಬರೆಸಿ, ನನ್ನ ಕೈಲಿ ಎಂಬತ್ತು ಎಲೆ ಹಾಕಿಸಿದ್ಯೇನೇ?" ಭಾಗೀರಥಕ್ಕ ಕುರ್ಚಿಯಿಂದ ಎದ್ದು ನಿಂತಿದ್ದಳು. ರಿಸೀವರಿನ ವೈರು ಮೇಜಿನ ಮೇಲಿನ ಲೋಟ ಉರುಳಿಸಿತು. "ಇಪ್ಪತ್ತೆರಡು ವರ್ಷ ಕಣೇ! ಇಪ್ಪತ್ತೆರಡು ವರ್ಷ ನಾನು ನಿನ್ನ ಕೊಂದೋಳ ಹಂಗೆ ಬದುಕಿದ್ದೀನಿ! ಕಳ್ಳಿ!"

"ನೀನೇನು ಕಮ್ಮಿನಾ?" ಆ ಧ್ವನಿ ಅಳುತ್ತಿತ್ತೋ ನಗುತ್ತಿತ್ತೋ ಹೇಳಲಾರೆ. "ಒಂದು ವಾರ ಚೆನ್ನಾಗಿ ನಿದ್ದೆ ಬಂತಂತೆ! ನಾಚಿಕೆ ಆಗ್ಬೇಕು ನಿಂಗೆ. ನಂಗಿಲ್ಲಿ ಹದಿನೈದು ದಿನ ಬಂತು, ಗೊತ್ತಾ?"

"ಎರಡು" ಎಂದರು ಪುಟ್ಟನಂಜಯ್ಯ. ಈ ಸಲ ಪಿಸುಗುಟ್ಟಲಿಲ್ಲ.

ಭಾಗೀರಥಕ್ಕನ ಬಾಯಿ ತೆರೆದೇ ಇತ್ತು. ಅವಳ ಭುಜಗಳು ಕುಲುಕಲು ಶುರುವಾದವು. ಎದೆಯೊಳಗಿಂದ ಏನೋ ಉಕ್ಕಿ ಬಂತು, ಅದು ನಗು. ಹೊಲಿಗೆಯ ಯಂತ್ರದ ಮೇಲೆ ಬಗ್ಗಿ ಕೂತೇ ವಯಸ್ಸಾದ ಆ ಹೆಂಗಸು ಬೆನ್ನು ಹಿಂದಕ್ಕೆ ಬಾಗಿಸಿ ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದ್ದು. ಕಣ್ಣಿನಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ. "ಹದಿನೈದು ದಿನಾನಾ? ಎಲ್ಲಿ ಮಲಗಿದ್ಯೇ ಅಲ್ಲಿ?"

"ಎಲ್ಲಿ ಮಲಗ್ಲಿ, ನಮ್ಮನೇಲೇ. ನಡುಮನೆ ಕಿಟಕಿ ಹತ್ರ. ಇವತ್ತಿಗೂ ಅಲ್ಲೇ."

ಭಾಗೀರಥಕ್ಕನ ನಗು ನಿಂತಿತು. ತಾನು ಮಲಗುವುದೂ ಅಲ್ಲೇ ಎಂದು ಆಮೇಲೆ ನನಗೆ ಹೇಳಿದಳು.

"ಮೂರು!" ಪುಟ್ಟನಂಜಯ್ಯನವರು ಹಾಳೆಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಗಾಜಿಗೆ ತಟ್ಟಿದರು. ಗಡಿಯಾರದಲ್ಲಿ ಐದಕ್ಕೆ ಏಳು ನಿಮಿಷವಿತ್ತು. "ಮೂರಾಯ್ತು ಭಾಗೀರಥಮ್ಮ, ಪಾಸಾಯ್ತು, ಸಹಿ ಹಾಕ್ದೆ! ಇನ್ನು ಸಾಕು, ಇಡಬಹುದು!"

ಅವಳು ಅವರ ಕಡೆ ತಿರುಗಲೂ ಇಲ್ಲ. ಬಿಡುವಿದ್ದ ಕೈಯನ್ನು ಹಿಂದಕ್ಕೆ ಬೀಸಿ, "ಸುಮ್ನಿರಿ ಸ್ವಾಮಿ, ಅವಳು ಮಾತಾಡ್ತಿದ್ದಾಳೆ" ಎಂದಳು. ಕಾಲಿನಿಂದ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಈ ಸಲ ಅಂಚಿನ ಮೇಲಲ್ಲ, ಪೂರ್ತಿ ಹಿಂದಕ್ಕೆ ಒರಗಿ ಕೂತಳು.

"ಹ್ಞೂಂ, ಹೇಳು" ಎಂದಳು.